400ಜಿಗೆ ಒಂದು, 800ಜಿಗೆ ಇನ್ನೊಂದು: ಆಪ್ಟಿಕಲ್ ಮಾಡ್ಯೂಲ್ ಆರಿಸಿದ ನನ್ನ ಅನುಭವ

ಬೆಂಗಳೂರಿನ ನಮ್ಮ ಡೇಟಾ ಸೆಂಟರ್‌ನಲ್ಲಿ 100ಜಿ (ಸೆಕೆಂಡಿಗೆ 100 ಗಿಗಾಬಿಟ್) ಜಾಲವನ್ನು 400ಜಿಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂದಾಗ ಮುಂದಿದ್ದದ್ದು, ಸ್ವಿಚ್ ಪೋರ್ಟಿಗೆ ಸಿಕ್ಕಿಸಿ ವಿದ್ಯುತ್ ಸಂಕೇತವನ್ನು ಬೆಳಕಾಗಿಸಿ ಫೈಬರಿಗೆ ಕಳಿಸುವ ಎರಡು ಬಗೆಯ ಮಾಡ್ಯೂಲ್‌ಗಳು: ಕ್ಯೂಎಸ್‌ಎಫ್‌ಪಿ-ಡಿಡಿ ಮತ್ತು ಓಎಸ್‌ಎಫ್‌ಪಿ. ವೇಗ ನೋಡಿ ಇವೆರಡರಲ್ಲಿ ಆರಿಸಲಾಗದು. ಎರಡರಲ್ಲೂ ದತ್ತಾಂಶ ಒಟ್ಟಿಗೇ ಹರಿಯುವ ಎಂಟು ದಾರಿಗಳು, ಅಂದರೆ ಲೇನ್‌ಗಳಿವೆ. ಲೇನಿಗೆ 50ಜಿ ಹರಿದರೆ 400ಜಿ, 100ಜಿ ಹರಿದರೆ 800ಜಿ. ಹಾಗಾಗಿ ನಾನು ನೋಡಿದ್ದು ಎರಡೇ ಸಂಗತಿ: ಕೈಯಲ್ಲಿರುವ ಹಳೆಯ ಮಾಡ್ಯೂಲ್‌ಗಳ ಗತಿಯೇನು, ಶಾಖ ಹೊರಹೋಗುವ ದಾರಿ ಯಾವುದು.

ಮೊದಲನೆಯದರಲ್ಲಿ ಕ್ಯೂಎಸ್‌ಎಫ್‌ಪಿ-ಡಿಡಿಗೆ ಸಾಟಿಯಿಲ್ಲ. ಅದರ ಪೋರ್ಟಿನೊಳಗೆ ಸಂಪರ್ಕಬಿಂದುಗಳ ಇನ್ನೊಂದು ಸಾಲು ಸೇರಿದೆಯೇ ಹೊರತು ಅಗಲ ಹಳೆಯದೇ, 18.35 ಮಿಲಿಮೀಟರ್. ನಮ್ಮ 100ಜಿ ಕ್ಯೂಎಸ್‌ಎಫ್‌ಪಿ28 ಮಾಡ್ಯೂಲ್ ಅದರಲ್ಲಿ ನೇರವಾಗಿ ಕೂರುತ್ತದೆ. ಹೊಸ ಸ್ವಿಚ್ ಇಟ್ಟು, ಹಳೆಯ ಸಂಪರ್ಕಗಳನ್ನು ಹಾಗೆಯೇ ಅದಕ್ಕೆ ವರ್ಗಾಯಿಸಿ, ರ‍್ಯಾಕ್ ಒಂದೊಂದಾಗಿ ವೇಗ ಏರಿಸುತ್ತ ಹೋದೆವು. ಓಎಸ್‌ಎಫ್‌ಪಿ 22.58 ಮಿಲಿಮೀಟರ್ ಅಗಲ. ಹಳೆಯದನ್ನು ಅದರಲ್ಲಿ ಬಳಸಲು ಪ್ರತಿ ಪೋರ್ಟಿಗೂ ಅಡಾಪ್ಟರ್ ಬೇಕು.

ಶಾಖದ ಲೆಕ್ಕವೇ ಬೇರೆ. ಮಾಡ್ಯೂಲಿಗೆ 12 ವ್ಯಾಟ್ ಎಂದುಕೊಂಡರೂ 32 ಪೋರ್ಟ್ ತುಂಬಿದ ಸ್ವಿಚ್‌ನ ಮುಂಭಾಗದಲ್ಲೇ 384 ವ್ಯಾಟ್ ಉರಿಯುತ್ತದೆ. ಕ್ಯೂಎಸ್‌ಎಫ್‌ಪಿ-ಡಿಡಿಯಲ್ಲಿ ಶಾಖ ಹೀರಿ ಗಾಳಿಗೆ ಬಿಡುವ ಲೋಹದ ಹೀಟ್ ಸಿಂಕ್ ಇರುವುದು ಪೋರ್ಟಿನ ಗೂಡಿನ ಮೇಲೆ. ಮಾಡ್ಯೂಲಿನ ಬೆನ್ನಿಗೆ ಅದು ಒತ್ತಿ ಕೂತಷ್ಟೇ ಶಾಖ ಸಾಗುತ್ತದೆ. ಓಎಸ್‌ಎಫ್‌ಪಿ ತನ್ನ ಹೀಟ್ ಸಿಂಕಿನ ರೆಕ್ಕೆಗಳನ್ನು ಮೈಮೇಲೆಯೇ ಹೊತ್ತಿರುತ್ತದೆ, ಗಾಳಿ ಅವುಗಳ ನಡುವೆಯೇ ಹರಿಯುತ್ತದೆ. ಕಟ್ಟಡದೊಳಗಿನ ಕಡಿಮೆ ದೂರದ ಡಿಆರ್4 ಮಾಡ್ಯೂಲ್‌ಗಳಿಗೆ ಈ ವ್ಯತ್ಯಾಸ ತೊಡಕಾಗಲಿಲ್ಲ. ನನ್ನ ಎಚ್ಚರಿಕೆಯೆಲ್ಲ ಊರಿನ ಇನ್ನೊಂದು ತುದಿಯ ಕೇಂದ್ರಕ್ಕೆ ಹೋಗುವ 400ಝಡ್‌ಆರ್ ಮಾಡ್ಯೂಲ್‌ಗಳ ಮೇಲಿತ್ತು. ಬೆಳಕಿನ ತೀವ್ರತೆಯಲ್ಲಷ್ಟೇ ಅಲ್ಲದೆ ಅದರ ಅಲೆಯ ಹಂತದಲ್ಲೂ ಮಾಹಿತಿ ತುಂಬುವ ಕೊಹೆರೆಂಟ್ ತಂತ್ರಕ್ಕೆ ಬೇಕಾದ, ಸಂಕೇತ ಸಂಸ್ಕರಿಸುವ ಡಿಎಸ್‌ಪಿ ಚಿಪ್ಪನ್ನು ಒಳಗೇ ಹೊತ್ತ ಇವು 15 ವ್ಯಾಟ್‌ಗಿಂತ ಹೆಚ್ಚು ಕಬಳಿಸುತ್ತವೆ. ಅವುಗಳನ್ನು ಅಕ್ಕಪಕ್ಕ ಇಡದೆ, ನಡುವೆ ಕಡಿಮೆ ಬಿಸಿಯ 100ಜಿ ಮಾಡ್ಯೂಲ್‌ಗಳನ್ನು ಬಿಟ್ಟು ಹಂಚಿದೆ. ಪೂರ್ಣ ದಟ್ಟಣೆ ಹರಿಸಿ, ಪ್ರತಿ ಮಾಡ್ಯೂಲ್ ತಾನೇ ವರದಿ ಮಾಡುವ ತಾಪಮಾನವನ್ನು ಮಧ್ಯಾಹ್ನದ ಹೊತ್ತು ಕೂತು ಓದಿದೆ. ವಾಣಿಜ್ಯ ದರ್ಜೆಯ ಮಾಡ್ಯೂಲಿಗೆ ಮಿತಿ 70 ಡಿಗ್ರಿ ಸೆಲ್ಸಿಯಸ್. ಅದಕ್ಕೂ ಓದಿದ ಅಂಕಿಗೂ ನಡುವೆ ಸಾಕಷ್ಟು ಅಂತರ ಕಾಣುವ ತನಕ ನಾನು ಸಹಿ ಹಾಕಲಿಲ್ಲ. ಖಾಲಿ ಪೋರ್ಟುಗಳಿಗೆ ಮುಚ್ಚಳ ಹಾಕಿಸುವುದನ್ನೂ ಬಿಡಬಾರದು. ಅಲ್ಲಿಂದ ಗಾಳಿ ಸೋರಿದರೆ ಪಕ್ಕದ ಮಾಡ್ಯೂಲಿಗೆ ಕೊರತೆಯಾಗುತ್ತದೆ.

ಫೈಬರ್ ವಿಷಯ ಸರಳ. 500 ಮೀಟರ್‌ವರೆಗಿನ ಡಿಆರ್4ಗೆ ಹಲವು ಎಳೆಗಳ ಎಂಪಿಓ ಕನೆಕ್ಟರ್, 2 ಕಿಲೋಮೀಟರ್‌ವರೆಗಿನ ಎಫ್‌ಆರ್4 ಮಾಡ್ಯೂಲಿಗೆ ಎರಡೇ ಎಳೆಯ ಎಲ್‌ಸಿ. ಎರಡೇ ಎಳೆ ಫೈಬರ್ ಎಳೆದಿದ್ದ ಕಡೆ ಎಫ್‌ಆರ್4 ಹಾಕಿದೆವು.

ಎಐ ಸರ್ವರ್‌ಗಳ 800ಜಿ ರ‍್ಯಾಕ್‌ಗಳಿಗೆ ಮಾತ್ರ ನಾನು ಹಿಂದೆಮುಂದೆ ನೋಡದೆ ಓಎಸ್‌ಎಫ್‌ಪಿ ಆರಿಸಿದೆ. ಅಲ್ಲಿ ಉಳಿಸಿಕೊಳ್ಳಬೇಕಾದ ಹಳೆಯ ಸಾಮಾನೇ ಇಲ್ಲ, ಬಿಸಿ ಮಾತ್ರ ವಿಪರೀತ. ಆದರೆ ಓಎಸ್‌ಎಫ್‌ಪಿಯಲ್ಲೂ ಎರಡು ರೂಪಗಳಿವೆ: ಸ್ವಿಚ್ ಕಡೆಗೆ ರೆಕ್ಕೆಯಿರುವುದು, ಸರ್ವರ್‌ನ ನೆಟ್‌ವರ್ಕ್ ಕಾರ್ಡಿನ ಕಡೆಗೆ ಸಾಮಾನ್ಯವಾಗಿ ಚಪ್ಪಟೆ ಬೆನ್ನಿನದು. ರೆಕ್ಕೆಯ ಮಾಡ್ಯೂಲ್ ಕಾರ್ಡಿನ ಗೂಡಿನೊಳಗೆ ಹೋಗುವುದೇ ಇಲ್ಲ. ಆದ್ದರಿಂದ ಖರೀದಿ ಪಟ್ಟಿಯಲ್ಲಿ ಬರಿಯ ‘ಓಎಸ್‌ಎಫ್‌ಪಿ’ ಎಂದು ಬರೆಯದೆ, ಪ್ರತಿ ಕೇಬಲ್ಲಿನ ಎರಡೂ ತುದಿಗಳ ಮಾಡ್ಯೂಲನ್ನು ಬೇರೆ ಬೇರೆ ಸಾಲಿನಲ್ಲಿ, ಬೆನ್ನಿನ ಆಕಾರದ ಸಮೇತ ನಮೂದಿಸುತ್ತೇನೆ.