ತಣ್ಣೀರು ಕುಡಿದರೆ ಹಲ್ಲು ಜುಮ್ ಅನ್ನುತ್ತದೆಯಾ?

ಹಾಗಿದ್ದರೆ ಮೊದಲು ನಿಮ್ಮ ಬ್ರಷ್ ಕೈಗೆ ತಗೊಂಡು ನೋಡಿ. ಎಳೆಗಳು ಎರಡೂ ಕಡೆ ಕೆದರಿಕೊಂಡಿದ್ದರೆ ನೀವು ಜಾಸ್ತಿ ಒತ್ತಿ ಉಜ್ಜುತ್ತಿದ್ದೀರಿ. ನಾನೂ ವರ್ಷಗಟ್ಟಲೆ ಗಟ್ಟಿ ಎಳೆಯ ಬ್ರಷ್ ಹಿಡಿದು, ಪಾತ್ರೆ ತಿಕ್ಕಿದ ಹಾಗೆ ಹಲ್ಲು ತಿಕ್ಕಿದವಳು. ಒಂದು ದಿನ ಕೋರೆಹಲ್ಲಿನ ಬುಡದಲ್ಲಿ ಉಗುರು ಆಡಿಸಿದರೆ ಅಲ್ಲೊಂದು ಸಣ್ಣ ಕಚ್ಚು ತಡೆಯಿತು. ಒಸಡು ಮೇಲಕ್ಕೆ ಸರಿದು ಬೇರು ಕಾಣುತ್ತಿತ್ತು. ಸವೆದ ಒಸಡು ತಾನಾಗಿ ಮತ್ತೆ ಬೆಳೆಯುವುದಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಲ್ಲಿನ ಮೇಲ್ಭಾಗಕ್ಕೆ ಎನಾಮೆಲ್ ಎಂಬ ಗಟ್ಟಿ ಹೊದಿಕೆ ಇದೆ. ಬೇರಿಗೆ ಅದಿಲ್ಲ. ಒಳಗಿನ ಡೆಂಟಿನ್ ಪದರದ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳು, ಅವುಗಳಲ್ಲಿ ದ್ರವ. ತಣ್ಣನೆಯದು ತಾಗಿದರೆ ಆ ದ್ರವ ಅಲುಗಿ ನರವನ್ನು ಕೆಣಕುತ್ತದೆ. ಜುಮ್ ಅನ್ನುವುದು ಅದೇ.

ಮೆತ್ತನೆ ಎಳೆಯ ಬ್ರಷ್ಷನ್ನು ಬೆರಳ ತುದಿಯಲ್ಲಿ ಹಗುರಾಗಿ ಹಿಡಿಯಿರಿ. ಮುಷ್ಟಿಯಲ್ಲಿ ಹಿಡಿದರೆ ಗೊತ್ತಿಲ್ಲದೆ ಒತ್ತಿಬಿಡುತ್ತೇವೆ, ಅಲ್ವಾ? ನಿಂಬೆ ರಸ, ಸೋಡಾ ಕುಡಿದ ಕೂಡಲೇ ಉಜ್ಜಬೇಡಿ. ಹುಳಿಗೆ ಎನಾಮೆಲ್ ಮೆತ್ತಗಾಗಿರುತ್ತದೆ, ಆಗ ಉಜ್ಜಿದರೆ ಸವೆಯುತ್ತದೆ. ಸುಮ್ನೆ ನೀರಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಡಿ. ಇದ್ದಿಲ ಪುಡಿಯಂಥ ಒರಟು ಪುಡಿಗಳು ಬೇಡವೇ ಬೇಡ.

ಪೊಟ್ಯಾಸಿಯಂ ನೈಟ್ರೇಟ್ ಶೇಕಡ 5ರಷ್ಟು ಇರುವ ಸೆನ್ಸಿಟಿವ್ ಪೇಸ್ಟ್ ನರದ ಚುರುಕನ್ನು ತಗ್ಗಿಸುತ್ತದೆ. ಆದರೆ ಎರಡು ದಿನಕ್ಕೇ ಗುಣ ಕಾಣುವುದಿಲ್ಲ. ದಿನಕ್ಕೆ ಎರಡು ಸಲದಂತೆ ಎರಡರಿಂದ ನಾಲ್ಕು ವಾರ ಬೇಕು. ಬಹಳ ಜನ ವಾರಕ್ಕೇ ಬೇಸತ್ತು ಬಿಟ್ಟುಬಿಡುತ್ತಾರೆ. ಉಜ್ಜಿದ ಮೇಲೆ ನೊರೆ ಉಗುಳಿ, ನೀರಲ್ಲಿ ಪೂರ್ತಿ ತೊಳೆಯಬೇಡಿ. ಪೇಸ್ಟ್ ಹಲ್ಲಿನ ಮೇಲೆ ಸ್ವಲ್ಪ ಹೊತ್ತು ಇರಲಿ.

ಬೆಳಿಗ್ಗೆ ಎದ್ದಾಗ ದವಡೆ ಬಿಗಿದಿದ್ದರೆ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿರಬಹುದು. ಡಾಕ್ಟರಿಗೆ ಹೇಳಿ, ರಾತ್ರಿ ಹಾಕಿಕೊಳ್ಳುವ ಗಾರ್ಡ್ ಮಾಡಿಸಿಕೊಡುತ್ತಾರೆ.

ತಣ್ಣನೆಯದು ಬಾಯಿಂದ ಹೋದ ಮೇಲೂ ನೋವು ನಿಲ್ಲದಿದ್ದರೆ, ಒಂದೇ ಹಲ್ಲು ಕಾಡುತ್ತಿದ್ದರೆ, ಕಚ್ಚಿದಾಗ ಚುಳ್ ಅಂದರೆ, ರಾತ್ರಿ ನಿದ್ದೆ ಕೆಟ್ಟರೆ ಪೇಸ್ಟ್ ನಂಬಿ ಕೂರಬೇಡಿ. ಒಳಗೆ ಹುಳುಕೋ ಬಿರುಕೋ ಇರಬಹುದು. ಆ ವಾರವೇ ತೋರಿಸಿ.