ಮೆಲ್ಬರ್ನ್‌ಗೆ ಹೊಸದಾಗಿ ಬಂದಿದ್ದೀರಾ? 35ನೇ ನಂಬರಿನ ಹುಡುಗನನ್ನು ನೋಡುತ್ತಾ ಫುಟಿ ಕಲಿಯಿರಿ

ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: "ನಿಮ್ಮದು ಯಾವ ಟೀಮ್?" ನಮ್ಮ ಬಾಯಿಂದ ಥಟ್ಟನೆ ಬರುವುದು ಆರ್‌ಸಿಬಿ. ಆದರೆ ಅವರು ಕೇಳುತ್ತಿರುವುದು ಕ್ರಿಕೆಟ್ ಬಗ್ಗೆ ಅಲ್ಲ. ಮೊಟ್ಟೆ ಆಕಾರದ ಚೆಂಡಿನಲ್ಲಿ ಆಡುವ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಬಗ್ಗೆ. ಇಲ್ಲಿನವರ ಬಾಯಲ್ಲಿ ಅದು ಬರೀ ಫುಟಿ.

ನಾನು ಈ ಊರಿಗೆ ಬಂದು 13 ವರ್ಷ ಆಯಿತು. ಹೊಸದಾಗಿ ಬಂದ ನಮ್ಮವರು ಬಾಡಿಗೆ ಮನೆ, ಸ್ಕೂಲು, ಟ್ರೈನು-ಟ್ರಾಮಿಗೆ ಬೇಕಾದ ಮೈಕಿ ಕಾರ್ಡು, ಸೋನಾ ಮಸೂರಿ ಅಕ್ಕಿ ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ. ಫುಟಿ ಬಗ್ಗೆ ಕೇಳುವವರು ಕಡಿಮೆ. ಆದರೆ ಮಾರ್ಚ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಈ ಊರಿನ ಮಾತುಕತೆ ಶುರುವಾಗುವುದೇ ಅದರಿಂದ. ಲಿಫ್ಟ್‌ನಲ್ಲಿ, ಸ್ಕೂಲ್ ಗೇಟಿನ ಹತ್ತಿರ, ಡಾಕ್ಟರ್ ಕ್ಲಿನಿಕ್‌ನಲ್ಲಿ. ನಾಲ್ಕು ವರ್ಷ ನಾನು ಆ ಮಾತಿನ ಹೊರಗೇ ನಿಂತಿದ್ದೆ. ನೀವು ಅಷ್ಟು ಕಾಯಬೇಡಿ.

ನನ್ನ ಸಲಹೆ ಒಂದೇ. ನಿಯಮಗಳನ್ನು ಬಾಯಿಪಾಠ ಮಾಡಲು ಹೋಗಬೇಡಿ. ಒಬ್ಬ ಆಟಗಾರನನ್ನು ಹಿಡಿದುಕೊಳ್ಳಿ, ಒಂದು ಇಡೀ ಸೀಸನ್ ಅವನ ಮೇಲೆ ಕಣ್ಣಿಡಿ. ಆಟ ತಾನಾಗಿ ತಿಳಿಯುತ್ತದೆ. ನಾನು ಹಿಡಿದುಕೊಂಡಿದ್ದು ಕಾಲಿಂಗ್‌ವುಡ್ ಟೀಮಿನ ನಿಕ್ ಡೇಕೋಸ್ ಅನ್ನೋ ಹುಡುಗನನ್ನು.

ಮುಂದೆ ಹೋಗುವ ಮುಂಚೆ ಒಂದು ಮಾತು. ಇಲ್ಲಿ ಟೀಮಿಗೆ ಬೆಂಬಲ ಕೊಡುವುದಕ್ಕೆ 'ಬ್ಯಾರಕ್' ಮಾಡುವುದು ಅಂತಾರೆ. ಅಮೆರಿಕದ ಸೀರಿಯಲ್‌ಗಳಲ್ಲಿ ಕೇಳಿದ 'ರೂಟ್' ಅನ್ನೋ ಪದವನ್ನು ಆ ಅರ್ಥದಲ್ಲಿ ಬಳಸಲೇಬೇಡಿ. ಇಲ್ಲಿ ಅದು ಅಶ್ಲೀಲ ಮಾತು. ಮೀಟಿಂಗ್‌ನಲ್ಲಿ ಬಾಯಿ ತಪ್ಪಿ ಬಂದರೆ ಮುಜುಗರ ಆಗುತ್ತದೆ.

ಆಟದ ಬಗ್ಗೆ ಸದ್ಯಕ್ಕೆ ಇಷ್ಟು ಸಾಕು. ಮೈದಾನದಲ್ಲಿ ಒಂದು ಕಡೆ 18 ಜನ. 4 ಕ್ವಾರ್ಟರ್. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲ್, 6 ಅಂಕ. ಪಕ್ಕದ ಸಣ್ಣ ಕಂಬದ ಕಡೆ ಹೋದರೆ 1 ಅಂಕ. ಗೋಲ್ ಅಂಪೈರ್ ಎರಡು ಬಾವುಟ ಬೀಸಿದರೆ 6, ಒಂದು ಬೀಸಿದರೆ 1. ಚೆಂಡನ್ನು ಒದೆಯಬಹುದು, ಇಲ್ಲವೇ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈ ಮುಷ್ಟಿಯಿಂದ ಗುದ್ದಿ ಕೊಡಬಹುದು. ಎಸೆಯುವ ಹಾಗಿಲ್ಲ. ಒದ್ದ ಚೆಂಡು 15 ಮೀಟರ್ ದಾಟಿ ಬಂದಾಗ ನೆಲಕ್ಕೆ ಬೀಳದಂತೆ ಹಿಡಿದರೆ ಅದು 'ಮಾರ್ಕ್'. ಆಮೇಲೆ ಯಾರೂ ಮೈಮೇಲೆ ಬೀಳುವಂತಿಲ್ಲ, ನಿಧಾನವಾಗಿ ಒದೆಯಬಹುದು. ಚೆಂಡು ಹಿಡಿದವನನ್ನು ಎದುರಾಳಿ ತಬ್ಬಿ ನಿಲ್ಲಿಸಿದಾಗ ಇಡೀ ಸ್ಟೇಡಿಯಂ ಒಂದೇ ದನಿಯಲ್ಲಿ "ಬಾಲ್!" ಅಂತ ಕೂಗುತ್ತದೆ. ಚೆಂಡು ಬಿಡಲು ಅವಕಾಶ ಇದ್ದೂ ಬಿಡಲಿಲ್ಲ, ನಮಗೆ ಫ್ರೀ ಕಿಕ್ ಕೊಡಿ ಅಂತ ಅದರ ಅರ್ಥ. ನಮ್ಮಲ್ಲಿ ಕಬಡ್ಡಿ ಆಡಿದವರಿಗೆ ಆ ಹಿಡಿತದ ಕ್ಷಣ ತಕ್ಷಣ ಅರ್ಥವಾಗುತ್ತದೆ.

ಇನ್ನು ಮಿಡ್‌ಫೀಲ್ಡರ್. ಗೋಲ್ ಹೊಡೆಯುವವನಿಗೆ ಚಪ್ಪಾಳೆ ಜಾಸ್ತಿ, ಆದರೆ ಆಟ ನಡೆಯುವುದು ಮಿಡ್‌ಫೀಲ್ಡರ್ ಕೈಯಲ್ಲಿ. ಮಧ್ಯದಲ್ಲಿ ಅಂಪೈರ್ ಚೆಂಡನ್ನು ಮೇಲೆ ಹಾರಿಸಿದಾಗ ಕೆಳಗೆ ಮುತ್ತಿಕೊಳ್ಳುವ ಗುಂಪಿನಿಂದ ಅದನ್ನು ಹೊರಗೆ ತರುವುದು ಅವನ ಕೆಲಸ. ಒಂದು ಆಟದಲ್ಲಿ ಹತ್ತು-ಹದಿನೈದು ಕಿಲೋಮೀಟರ್ ಓಡುತ್ತಾನೆ. ಅವನು ಎಷ್ಟು ಸಲ ಚೆಂಡನ್ನು ಒದ್ದ, ಎಷ್ಟು ಸಲ ಗುದ್ದಿ ಕೊಟ್ಟ ಅನ್ನುವುದನ್ನು ಕೂಡಿಸಿ 'ಡಿಸ್ಪೋಸಲ್' ಅಂತ ಲೆಕ್ಕ ಇಡುತ್ತಾರೆ. 30 ದಾಟಿದರೆ ಒಳ್ಳೆಯ ಆಟ. 40 ಅಂದರೆ ಮಾರನೇ ದಿನ ಪೇಪರಿನಲ್ಲಿ ಫೋಟೋ.

ನಿಕ್ ಹುಟ್ಟಿದ್ದು 2003ರ ಜನವರಿಯಲ್ಲಿ. ಅಪ್ಪ ಪೀಟರ್ ಡೇಕೋಸ್ ಕಾಲಿಂಗ್‌ವುಡ್‌ಗೆ 250 ಆಟ ಆಡಿ 549 ಗೋಲ್ ಹೊಡೆದವರು. 1990ರಲ್ಲಿ ಟೀಮು ಕಪ್ ಗೆದ್ದಾಗ ಅವರ ಗೋಲುಗಳೇ 97. ಮೂಲೆಯಲ್ಲಿ, ಗೆರೆಯ ಅಂಚಿನಲ್ಲಿ, ಕಂಬಗಳ ನಡುವೆ ಜಾಗವೇ ಕಾಣದ ಕಡೆಯಿಂದ ಹೊಡೆಯುತ್ತಿದ್ದರು. ಮ್ಯಾಸಿಡೋನಿಯನ್ ಮೂಲದ ವಲಸೆ ಕುಟುಂಬದವರು, ಹಾಗಾಗಿ 'ಮ್ಯಾಸಿಡೋನಿಯನ್ ಮಾರ್ವೆಲ್' ಅಂತಲೇ ಹೆಸರು. ಹೊರಗಿನಿಂದ ಬಂದವರ ಮನೆಯ ಹುಡುಗನೊಬ್ಬ ಈ ಊರಿನ ಆರಾಧ್ಯ ಆಟಗಾರನಾದ ಅನ್ನುವುದು ನನ್ನ ಮನಸ್ಸಿಗೆ ತುಂಬಾ ಹತ್ತಿರದ ವಿಷಯ.

ಇಲ್ಲಿ ಒಂದು ನಿಯಮ ಇದೆ. ಅಪ್ಪ ಒಂದು ಕ್ಲಬ್‌ಗೆ 100 ಆಟ ಆಡಿದ್ದರೆ, ಮಗನನ್ನು ತೆಗೆದುಕೊಳ್ಳುವ ಮೊದಲ ಹಕ್ಕು ಆ ಕ್ಲಬ್‌ಗೆ. ಟೀಮುಗಳು ಹೊಸ ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅಂತಾರೆ. 2021ರ ಡ್ರಾಫ್ಟ್‌ನಲ್ಲಿ ಗೋಲ್ಡ್ ಕೋಸ್ಟ್ ಟೀಮು ನಿಕ್‌ನನ್ನು ಕೇಳಿತು. ಕಾಲಿಂಗ್‌ವುಡ್ ತನ್ನ ಹಕ್ಕು ಬಳಸಿ 4ನೇ ಆಯ್ಕೆಯಾಗಿ ಉಳಿಸಿಕೊಂಡಿತು. ಅಣ್ಣ ಜಾಶ್ ಆಗಲೇ ಅಲ್ಲಿ ಆಡುತ್ತಿದ್ದ. ನಿಕ್‌ಗೆ ಸಿಕ್ಕಿದ್ದು ಅಪ್ಪ ತೊಡುತ್ತಿದ್ದ 35ನೇ ನಂಬರ್. ಮೊದಲ ವರ್ಷವೇ, 2022ರಲ್ಲಿ, ಕಿರಿಯ ಆಟಗಾರರಿಗೆ ಕೊಡುವ ರೈಸಿಂಗ್ ಸ್ಟಾರ್ ಪ್ರಶಸ್ತಿ ಗೆದ್ದ.

ನಾನು ಅವನನ್ನು ಕಣ್ಣಾರೆ ನೋಡಿದ್ದು 2023ರ ಏಪ್ರಿಲ್ 25ರಂದು. ಅದು ಆನ್ಜಾಕ್ ದಿನ, ಯುದ್ಧದಲ್ಲಿ ಮಡಿದವರನ್ನು ನೆನೆಯುವ ದಿನ. 1995ರಿಂದ ಅವತ್ತು ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್, ಅಂದರೆ ಎಂಸಿಜಿಯಲ್ಲಿ ಕಾಲಿಂಗ್‌ವುಡ್ ಮತ್ತು ಎಸೆಂಡನ್ ಆಡುತ್ತವೆ. ಪಕ್ಕದ ಮನೆಯ ಅಜ್ಜಿ ಕಾಲಿಂಗ್‌ವುಡ್ ಸದಸ್ಯೆ. ಅವರ ಮಗನಿಗೆ ಬರಲು ಆಗಲಿಲ್ಲ, ನನ್ನನ್ನೂ ಮಗಳನ್ನೂ ಕರೆದುಕೊಂಡು ಹೋದರು. 2022ರ ಅಕ್ಟೋಬರ್‌ನಲ್ಲಿ ಕೊಹ್ಲಿ ಪಾಕಿಸ್ತಾನದ ಎದುರು ಅಜೇಯ 82 ಹೊಡೆದ ಅದೇ ಮೈದಾನ. ಆಟಕ್ಕೆ ಮುಂಚೆ ಬ್ಯೂಗಲ್ ಊದಿದರು, ಆಮೇಲೆ ಒಂದು ನಿಮಿಷ ಮೌನ. ಅಲ್ಲಿ 95,000ಕ್ಕೂ ಜಾಸ್ತಿ ಜನ ಇದ್ದರು. ಬಾವುಟದ ಬಟ್ಟೆ ಗಾಳಿಗೆ ಬಡಿಯುವ ಸದ್ದು ನಮ್ಮ ಸೀಟಿನವರೆಗೂ ಕೇಳುತ್ತಿತ್ತು. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು.

ಅವತ್ತು ನಾನು ಚೆಂಡನ್ನು ನೋಡುವುದು ಬಿಟ್ಟು 35ನೇ ನಂಬರನ್ನೇ ನೋಡಿದೆ. ಅಜ್ಜಿ ಹೇಳಿಕೊಟ್ಟ ಉಪಾಯ ಅದು. ಆಗ ಒಂದು ವಿಷಯ ಕಾಣಿಸಿತು. ಎಲ್ಲರೂ ಚೆಂಡಿನ ಕಡೆ ಓಡುವಾಗ ಇವನು ಒಂದು ಗಳಿಗೆ ನಿಲ್ಲುತ್ತಾನೆ. ಆ ಕಡೆ ಈ ಕಡೆ ಕತ್ತು ತಿರುಗಿಸುತ್ತಾನೆ. ಆಮೇಲೆ ಚೆಂಡು ಬಂದು ಬೀಳುವ ಜಾಗಕ್ಕೆ ಮೊದಲೇ ಹೋಗಿರುತ್ತಾನೆ. ಕೈಗೆ ಬಂದ ಚೆಂಡನ್ನು ಯಾರಿಗೆ ಕೊಡಬೇಕು ಅನ್ನುವುದು ಅವನಿಗೆ ಆಗಲೇ ಗೊತ್ತಿರುತ್ತದೆ. ಆ ದಿನ 40 ಡಿಸ್ಪೋಸಲ್, 2 ಗೋಲ್. ಹಿಂದೆ ಬಿದ್ದಿದ್ದ ಕಾಲಿಂಗ್‌ವುಡ್ ಕೊನೆಯ ಕ್ವಾರ್ಟರ್‌ನಲ್ಲಿ ತಿರುಗಿಬಿದ್ದು ಗೆದ್ದಿತು. ಆಟದ ಶ್ರೇಷ್ಠ ಆಟಗಾರನಿಗೆ ಕೊಡುವ ಆನ್ಜಾಕ್ ಮೆಡಲ್ ಅವನ ಕೊರಳಿಗೆ ಬಿತ್ತು. ಅವನಿಗಾಗ ಬರೀ 20 ವರ್ಷ.

ಇಂಥವನನ್ನು ಸುಮ್ನೆ ಬಿಡುತ್ತಾರಾ? ಎದುರಾಳಿ ಟೀಮು ಒಬ್ಬನನ್ನು ಇವನಿಗೆಂದೇ ನೇಮಿಸುತ್ತದೆ. ಆಡುವುದಕ್ಕಿಂತ ಇವನನ್ನು ಆಡಲು ಬಿಡದಿರುವುದೇ ಅವನ ಕೆಲಸ. ಇದಕ್ಕೆ 'ಟ್ಯಾಗ್' ಮಾಡುವುದು ಅಂತಾರೆ. ಅದೇ ವರ್ಷ 21ನೇ ರೌಂಡಿನಲ್ಲಿ ಹಾಥಾರ್ನ್ ಟೀಮಿನ ಫಿನ್ ಮ್ಯಾಗಿನೆಸ್ ಜಿಗಣೆಯ ಹಾಗೆ ಅಂಟಿಕೊಂಡ. ಡೇಕೋಸ್‌ಗೆ ಆ ಆಟದಲ್ಲಿ ಸಿಕ್ಕಿದ್ದು ಬರೀ 5 ಡಿಸ್ಪೋಸಲ್. ಅದೇ ಆಟದಲ್ಲಿ ಮಂಡಿಗೂ ಪೆಟ್ಟಾಯಿತು. ಲೀಗಿನ ಕೊನೆಯ 3 ಆಟ ತಪ್ಪಿತು. ಸೆಮಿಫೈನಲ್ ಮಟ್ಟದ ಆಟಕ್ಕೆ ವಾಪಸ್ ಬಂದ, ಟೀಮು 1 ಅಂಕದಿಂದ ಗೆದ್ದಿತು. ಸೆಪ್ಟೆಂಬರ್ 30ರಂದು ಗ್ರ್ಯಾಂಡ್ ಫೈನಲ್‌ನಲ್ಲಿ ಬ್ರಿಸ್ಬೇನ್ ಮೇಲೆ 90-86. ಎರಡನೇ ವರ್ಷಕ್ಕೇ ಕಪ್ ಕೈಯಲ್ಲಿ.

ಆದರೂ ಆ ವರ್ಷದ ಮಾತು ಬಂದರೆ ಜನ ಇನ್ನೊಂದನ್ನೂ ನೆನೆಯುತ್ತಾರೆ. ಬ್ರೌನ್‌ಲೋ ಮೆಡಲ್. ಇದನ್ನು ನೀವು ಸರಿಯಾಗಿ ತಿಳಿದುಕೊಳ್ಳಬೇಕು, ಸೆಪ್ಟೆಂಬರ್‌ನಲ್ಲಿ ಆಫೀಸ್ ತುಂಬಾ ಇದೇ ಮಾತು.

1924ರಿಂದ ಕೊಡುತ್ತಿರುವ, ಲೀಗಿನ ಅತಿ ದೊಡ್ಡ ವೈಯಕ್ತಿಕ ಪ್ರಶಸ್ತಿ ಇದು. ಐಪಿಎಲ್‌ನ ಆರೆಂಜ್ ಕ್ಯಾಪ್ ಹಾಗೆ ರನ್ ಕೂಡಿಸಿ ಕೊಡುವುದಲ್ಲ. ಪ್ರತಿ ಲೀಗ್ ಆಟ ಮುಗಿದ ಮೇಲೆ ಮೈದಾನದ ಅಂಪೈರ್‌ಗಳು ಒಟ್ಟಿಗೆ ಕೂತು ಮೂವರಿಗೆ 3, 2, 1 ಅಂತ ವೋಟು ಕೊಡುತ್ತಾರೆ. ಆ ಚೀಟಿಯನ್ನು ಮುಚ್ಚಿಡುತ್ತಾರೆ. ಗ್ರ್ಯಾಂಡ್ ಫೈನಲ್‌ಗೆ ಮುಂಚಿನ ಸೋಮವಾರ ರಾತ್ರಿ ಎಲ್ಲವನ್ನೂ ರೌಂಡ್ ರೌಂಡಾಗಿ ಓದುತ್ತಾರೆ. ಅಲ್ಲಿಯವರೆಗೆ ಆಡಿದವನಿಗೂ ತನ್ನ ಲೆಕ್ಕ ಗೊತ್ತಿರುವುದಿಲ್ಲ. ಇನ್ನೊಂದು ಷರತ್ತು: ತಪ್ಪು ಆಟಕ್ಕೆ ಆ ವರ್ಷ ಸಸ್ಪೆಂಡ್ ಆಗಿದ್ದರೆ, ಎಷ್ಟೇ ವೋಟು ಬಂದರೂ ಮೆಡಲ್ ಇಲ್ಲ. 2024ರಲ್ಲಿ ಸಿಡ್ನಿಯ ಐಸಾಕ್ ಹೀನಿಗೆ ಹೀಗೇ ಆಯಿತು.

2023ರಲ್ಲಿ ಬ್ರಿಸ್ಬೇನ್‌ನ ಲಾಕಿ ನೀಲ್ 31 ವೋಟಿನಿಂದ ಗೆದ್ದರು. ಡೇಕೋಸ್‌ಗೆ 28. ಅಂತರ 3 ವೋಟು, ತಪ್ಪಿದ ಆಟಗಳೂ 3. ಅಜ್ಜಿಗೆ ಇವತ್ತಿಗೂ ಆ ಮಂಡಿ ಪೆಟ್ಟಿನ ಸಂಕಟ ಹೋಗಿಲ್ಲ.

2024 ಟೀಮಿಗೆ ಒಳ್ಳೆಯ ವರ್ಷ ಅಲ್ಲ. ಹಿಂದಿನ ವರ್ಷ ಕಪ್ ಗೆದ್ದವರು ಮೊದಲ 3 ಆಟ ಸೋತರು, ಕೊನೆಗೆ 9ನೇ ಸ್ಥಾನಕ್ಕೆ ಇಳಿದು, ಲೀಗ್ ಮುಗಿದ ಮೇಲೆ ನಡೆಯುವ ಫೈನಲ್ಸ್ ಆಟಗಳಿಗೂ ಹೋಗಲಿಲ್ಲ. ಆದರೆ ಡೇಕೋಸ್ ವಾರ ವಾರವೂ ಆಡಿದ. ಮೇ ತಿಂಗಳಲ್ಲಿ ಕಾರ್ಲ್ಟನ್ ವಿರುದ್ಧದ ಆಟ ಕೊನೆಯ ಗಳಿಗೆವರೆಗೂ ತೂಗಾಡುತ್ತಿತ್ತು. ಗೆಲುವಿನ ಗೋಲ್ ಅವನದೇ, 6 ಅಂಕದ ಗೆಲುವು. ಆ ಕಾರ್ಲ್ಟನ್ ನಾಯಕ ಪ್ಯಾಟ್ರಿಕ್ ಕ್ರಿಪ್ಸ್ ಕೂಡ ಮಿಡ್‌ಫೀಲ್ಡರ್. 2022ರಲ್ಲಿ ಬ್ರೌನ್‌ಲೋ ಗೆದ್ದಿದ್ದವನು.

ಸೆಪ್ಟೆಂಬರ್ 23ರ ಸೋಮವಾರ ರಾತ್ರಿ ಅಜ್ಜಿ ನಮ್ಮ ಮನೆಗೇ ಬಂದರು. ಕೈಯಲ್ಲಿ ಒಂದು ರೂಲ್ಡ್ ಪುಸ್ತಕ. ಇಡೀ ವರ್ಷ ಪ್ರತಿ ಆಟದ ಮುಂದೆ ಪೆನ್ಸಿಲ್‌ನಲ್ಲಿ ತಮ್ಮ ಅಂದಾಜು ಬರೆದಿಟ್ಟಿದ್ದರು. ನಾನು ಅಕ್ಕಿ ರೊಟ್ಟಿ ತಟ್ಟುತ್ತಾ ಅಡುಗೆಮನೆಯಿಂದಲೇ ಟಿವಿ ನೋಡುತ್ತಿದ್ದೆ. "ಕಾಲಿಂಗ್‌ವುಡ್, ಎನ್. ಡೇಕೋಸ್, 3 ವೋಟು" ಅಂದಾಗಲೆಲ್ಲಾ ಅಜ್ಜಿ ಟಿಕ್ ಹಾಕಿಕೊಳ್ಳುತ್ತಿದ್ದರು. ಮಗಳು ಪಕ್ಕದಲ್ಲಿ ಕೂತು ಕೂಡಿಸಿ ಹೇಳುತ್ತಿದ್ದಳು.

ಅಂಪೈರ್‌ಗಳು ಒಟ್ಟಾಗಿ ಒಂದೇ ಸಲ 3-2-1 ಕೊಡುವ ಪದ್ಧತಿಯಲ್ಲಿ ಅಲ್ಲಿಯವರೆಗಿನ ದಾಖಲೆ 36 ವೋಟು. 2017ರಲ್ಲಿ ಡಸ್ಟಿನ್ ಮಾರ್ಟಿನ್, 2021ರಲ್ಲಿ ಆಲಿ ವೈನ್ಸ್. (1976, 1977ರಲ್ಲಿ ಇಬ್ಬರು ಅಂಪೈರ್‌ಗಳು ಬೇರೆ ಬೇರೆ ವೋಟು ಹಾಕುತ್ತಿದ್ದರು, ಆ ಲೆಕ್ಕವೇ ಬೇರೆ.) ಡೇಕೋಸ್ ಆ ರಾತ್ರಿ 38 ತಲುಪಿದ. ನೂರು ವರ್ಷದ ಮೆಡಲು, ಹಳೆಯ ದಾಖಲೆ ಮುರಿಯುವಷ್ಟು ವೋಟು. ಆದರೆ ಕ್ರಿಪ್ಸ್‌ಗೆ ಬಂದಿದ್ದು 45. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತೀವಲ್ಲ, ಅದೇ. ಮಗಳು ಎರಡು ಸಲ ಕೂಡಿಸಿ ನೋಡಿದಳು. ಅಜ್ಜಿ ಪುಸ್ತಕ ಮುಚ್ಚಿ, "ಈ ಹುಡುಗನಿಗೆ ಇನ್ನೂ 21" ಅಂದರು. ರೊಟ್ಟಿ ಆರಿ ಹೋಗಿತ್ತು, ಮತ್ತೆ ಬಿಸಿ ಮಾಡಿ ಕೊಟ್ಟೆ.

2025ರಲ್ಲೂ ಅವನು ಎರಡನೆಯವನೇ. ಗೋಲ್ಡ್ ಕೋಸ್ಟ್‌ನ ಮ್ಯಾಟ್ ರೋವೆಲ್‌ಗೆ 39, ಇವನಿಗೆ 32. ಇದು ಮಿಡ್‌ಫೀಲ್ಡರ್‌ಗಳಿಗೇ ಮೀಸಲಾದ ಮೆಡಲ್, ಹಿಂದೆ ನಿಂತು ಗೋಲ್ ತಡೆಯುವವರನ್ನು ಅಂಪೈರ್‌ಗಳು ನೋಡುವುದೇ ಇಲ್ಲ ಅಂತ ದೂರುವವರು ಬಹಳ ಜನ. ನನಗೂ ಆ ಮಾತು ಸರಿ ಅನ್ನಿಸುತ್ತದೆ. ಆದರೂ ಆ ರಾತ್ರಿ ಟಿವಿ ಮುಂದೆ ಕೂರದೆ ಇರಲು ಆಗುವುದಿಲ್ಲ.

ಈಗ ನೀವು ಹೋಗುವ ಮಾತು. ಎಂಸಿಜಿಗೆ ರಿಚ್ಮಂಡ್ ಅಥವಾ ಜೋಲಿಮಾಂಟ್ ಸ್ಟೇಷನ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು, ಕಾರು ಬೇಡ. ಜೂನ್-ಜುಲೈ ಆಟವಾದರೆ ಸ್ವೆಟರ್ ಮೇಲೊಂದು ಜಾಕೆಟ್, ಮಕ್ಕಳಿಗೆ ಟೋಪಿ. ರಾತ್ರಿ ಸಿಮೆಂಟಿನಿಂದಲೇ ಚಳಿ ಏರುತ್ತದೆ. ಅಲ್ಲಿ ಎಲ್ಲರೂ ತಿನ್ನುವುದು ಮೀಟ್ ಪೈ. ಸಸ್ಯಾಹಾರಿಗಳಿಗೆ ಬಿಸಿ ಚಿಪ್ಸ್ ಸಿಗುತ್ತದೆ. ಮನೆಯಿಂದ ಡಬ್ಬಿಯಲ್ಲಿ ಊಟ ಒಯ್ಯಬಹುದು, ಗಾಜಿನ ಬಾಟಲಿ ಮತ್ತು ಕ್ಯಾನ್ ಬಿಡುವುದಿಲ್ಲ. ನಮ್ಮದು ಯಾವಾಗಲೂ ಪುಳಿಯೋಗರೆ.

ಆಫೀಸಿನಲ್ಲಿ 'ಟಿಪ್ಪಿಂಗ್' ಶುರು ಮಾಡಿದಾಗ ಹೆಸರು ಕೊಡಿ. ವಾರ ವಾರ ಯಾರು ಗೆಲ್ಲುತ್ತಾರೆ ಅಂತ ಊಹಿಸುವ ಆಟ ಅದು. ಸೋತರೂ ಪರವಾಗಿಲ್ಲ, ಸೋಮವಾರ ಬೆಳಗ್ಗೆ ಮಾತಾಡಲು ಒಂದು ವಿಷಯ ಸಿಗುತ್ತದೆ. ಗ್ರ್ಯಾಂಡ್ ಫೈನಲ್‌ಗೆ ಮುಂಚಿನ ಶುಕ್ರವಾರ ವಿಕ್ಟೋರಿಯಾದಲ್ಲಿ ಸರ್ಕಾರಿ ರಜೆ, ಮೊದಲೇ ಗುರುತು ಹಾಕಿಕೊಳ್ಳಿ.

ಮಕ್ಕಳಿದ್ದರೆ 'ಆಸ್ಕಿಕ್'ಗೆ ಸೇರಿಸಿ. ಚಿಕ್ಕ ಮಕ್ಕಳಿಗೆ ಫುಟಿ ಕಲಿಸುವ ತರಗತಿ ಅದು, ಹತ್ತಿರದ ಮೈದಾನದಲ್ಲೇ ನಡೆಯುತ್ತದೆ. ಹುಡುಗಿಯರೂ ಆಡುತ್ತಾರೆ. ಮೊದಲ ದಿನವೇ ದುಬಾರಿ ಬೂಟು ಕೊಳ್ಳಬೇಡಿ, ಸ್ಕೂಲಿನ ಸ್ಪೋರ್ಟ್ಸ್ ಶೂ ಸಾಕು. ಇಬ್ಬನಿಗೆ ಹುಲ್ಲು ಒದ್ದೆಯಾಗಿರುತ್ತದೆ, ಇನ್ನೊಂದು ಜೊತೆ ಸಾಕ್ಸ್ ಬ್ಯಾಗಿನಲ್ಲಿರಲಿ. ನನ್ನ ಮಗಳಿಗೆ ಮೊದಲ ಎರಡು ವಾರ ಚೆಂಡನ್ನು ನೇರವಾಗಿ ಕಾಲಿನ ಮೇಲೆ ಬಿಡುವುದೇ ಬರಲಿಲ್ಲ. ಮೂರನೇ ವಾರ ಅಜ್ಜಿ ಮಡಚುವ ಕುರ್ಚಿ ತಂದು ಗೆರೆಯ ಪಕ್ಕ ಕೂತರು. "ಎರಡೂ ಕೈಯಲ್ಲಿ ಹಿಡಿ, ಒಂದೇ ಕೈಯಲ್ಲಿ ಬಿಡು" ಅಂತ ಕೂಗಿ ಹೇಳಿದರು. ಆ ಸಲ ಚೆಂಡು ಸುತ್ತುತ್ತಾ ಮೇಲೆ ಹೋಯಿತು.