ಹೈಡ್ರೆಂಟ್ ಹರಿವಿನ ಪರೀಕ್ಷೆ: ದಾಖಲೆಯನ್ನು ನಾನು ಬರೆಯುವ ಬಗೆ

ಅಗ್ನಿಶಾಮಕ ಹೈಡ್ರೆಂಟ್‌ಗಳ ಹರಿವನ್ನು ಅಳೆಯುವ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಗೇಜ್‌ನಲ್ಲಿ ಕಂಡ ಅಂಕಿಯನ್ನು ಕಂಡಂತೆಯೇ ಬರೆದಿಡುವುದಕ್ಕೆ. ಹಳೆಯ ಕಡತಗಳನ್ನು ತೆರೆದಾಗ ‘ಹರಿವು: ನಿಮಿಷಕ್ಕೆ 1,000 ಗ್ಯಾಲನ್’ ಎಂಬ ಒಂದೇ ಸಾಲು ಸಿಗುವುದುಂಟು. ಅದು ಪರೀಕ್ಷೆಯ ದಿನ ನಿಜವಾಗಿ ಹೊರಬಿದ್ದ ನೀರೋ ಅಥವಾ ಕೊಳವೆಯಲ್ಲಿ 20 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಒತ್ತಡ ಉಳಿಸಿಕೊಂಡು ಎಷ್ಟು ನೀರು ಪಡೆಯಬಹುದೆಂದು ಲೆಕ್ಕ ಹಾಕಿದ ಸಾಮರ್ಥ್ಯವೋ ತಿಳಿಯುವುದಿಲ್ಲ. ಇವೆರಡರ ನಡುವಿನ ಅಂತರ ದೊಡ್ಡದಿರುವುದರಿಂದ, ಫಲಿತಾಂಶ ಮಾತ್ರ ಉಳಿದ ದಾಖಲೆಯನ್ನು ನಾನು ನಂಬುವುದಿಲ್ಲ.

ಪರೀಕ್ಷೆಗೆ ಕನಿಷ್ಠ ಎರಡು ಹೈಡ್ರೆಂಟ್‌ಗಳು ಬೇಕು: ಒಂದರಲ್ಲಿ ಒತ್ತಡವನ್ನು ನೋಡುತ್ತೇವೆ, ಇನ್ನೊಂದರಿಂದ ನೀರು ಬಿಡುತ್ತೇವೆ. ಎರಡರ ಸಂಖ್ಯೆಯನ್ನು ಬರೆದ ಮೇಲೆ, ಅವುಗಳ ನಡುವಿನ ಕೊಳವೆಯ ವ್ಯಾಸವನ್ನೂ ನೀರು ಬರುವ ದಿಕ್ಕನ್ನೂ ತೋರಿಸುವ ಪುಟ್ಟ ನಕ್ಷೆಯೊಂದನ್ನು ಹಾಳೆಯ ಮೇಲೆಯೇ ಬಿಡಿಸುತ್ತೇನೆ. ಒತ್ತಡ ನೋಡುವ ಹೈಡ್ರೆಂಟ್ ನೀರಿನ ಮೂಲದ ಕಡೆಗಿರಬೇಕು, ನೀರು ಬಿಡುವುದು ಅದರಾಚೆಗಿರಬೇಕು; ನಕ್ಷೆಯಿದ್ದರೆ ಈ ಜೋಡಣೆ ಸರಿಯಾಗಿತ್ತೇ ಎಂದು ಮುಂದೆ ಓದುವವರು ತಾವೇ ನೋಡಿಕೊಳ್ಳಬಹುದು. ದಿನಾಂಕ, ಗಂಟೆ, ಆಗ ನಡೆಯುತ್ತಿದ್ದ ಪಂಪುಗಳು, ಟ್ಯಾಂಕಿನ ನೀರಿನ ಮಟ್ಟ, ಗೇಜ್‌ಗಳ ಸಂಖ್ಯೆ ಮತ್ತು ಅವುಗಳ ನಿಖರತೆಯನ್ನು ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ, ಇವಿಷ್ಟನ್ನೂ ನೀರು ಬಿಡುವ ಮೊದಲೇ ತುಂಬಿರುತ್ತೇನೆ.

ನೀರು ಹೊರಬರುವ ಬಾಯಿಯ ಒಳವ್ಯಾಸವನ್ನು ಅಳತೆಪಟ್ಟಿಯಿಂದ ಅಳೆದು ಬರೆಯುತ್ತೇನೆ, ಏಕೆಂದರೆ ಎರಡೂವರೆ ಇಂಚಿನದೆಂದು ಕರೆಯುವ ಬಾಯಿ ಸರಿಯಾಗಿ ಅಷ್ಟೇ ಇರಬೇಕೆಂದಿಲ್ಲ, ಮತ್ತು ಲೆಕ್ಕದಲ್ಲಿ ವ್ಯಾಸದ ವರ್ಗ ಬರುವುದರಿಂದ ಸಣ್ಣ ವ್ಯತ್ಯಾಸವೂ ಬೆಳೆಯುತ್ತದೆ. ವಾಲ್ವ್ ತೆರೆಯುವ ಮುನ್ನ ಬಾಯಿಯೊಳಗೆ ಕೈಹಾಕಿ ಒಳ ಅಂಚು ಹೇಗಿದೆ ಎಂದು ಮುಟ್ಟಿ ನೋಡುವುದೂ ಅಷ್ಟೇ ಅಗತ್ಯ. ಬಾಯಿಯ ಆಕಾರದಿಂದ ಹರಿವು ಎಷ್ಟು ತಗ್ಗುತ್ತದೆಂದು ಲೆಕ್ಕದಲ್ಲಿ ಸೂಚಿಸುವ ಗುಣಾಂಕ ಇದರಿಂದಲೇ ತಿಳಿಯುತ್ತದೆ: ಅಂಚು ನಯವಾಗಿ ದುಂಡಗಿದ್ದರೆ 0.90, ಚೂಪಾಗಿ ಚೌಕವಾಗಿದ್ದರೆ 0.80, ಬಾಯಿಯ ಕೊಳವೆ ಹೈಡ್ರೆಂಟಿನ ಒಳಕ್ಕೆ ಚಾಚಿಕೊಂಡಿದ್ದರೆ 0.70. ಯಾವ ಗುಣಾಂಕ ಎಂಬುದರ ಜೊತೆಗೆ ಅದನ್ನು ಆರಿಸಿದ ಕಾರಣವನ್ನೂ ನಾನು ಬರೆಯುತ್ತೇನೆ.

ಮೊದಲು ಎಲ್ಲ ಬಾಯಿಗಳೂ ಮುಚ್ಚಿರುವಾಗಿನ ಸ್ಥಿರ ಒತ್ತಡವನ್ನು ಬರೆದುಕೊಳ್ಳುತ್ತೇವೆ. ಆಮೇಲೆ ಹೈಡ್ರೆಂಟನ್ನು ನಿಧಾನವಾಗಿ, ಪೂರ್ತಿಯಾಗಿ ತೆರೆದು, ನೀರು ತಿಳಿಯಾಗುವವರೆಗೆ ಕಾದು, ಹೊರಚಿಮ್ಮುವ ನೀರಿನ ವೇಗದ ಒತ್ತಡವನ್ನು ಅಳೆಯುವ ಪಿಟೊ ನಳಿಕೆಯ ತುದಿಯನ್ನು ಧಾರೆಯ ನಟ್ಟನಡುವೆ, ಬಾಯಿಯಿಂದ ಅದರ ವ್ಯಾಸದ ಅರ್ಧದಷ್ಟು ದೂರದಲ್ಲಿ ಹಿಡಿಯುತ್ತೇನೆ. ಮುಳ್ಳು ಅಲುಗಾಡಿದರೆ ಅದರ ಓಲಾಟದ ನಡುಬಿಂದುವನ್ನು ತೆಗೆದುಕೊಳ್ಳುತ್ತೇನೆ. ಅದೇ ಕ್ಷಣದಲ್ಲಿ ಜೊತೆಗಾರರು ಇನ್ನೊಂದು ಹೈಡ್ರೆಂಟಿನಲ್ಲಿ ಉಳಿಕೆ ಒತ್ತಡವನ್ನು, ಅಂದರೆ ನೀರು ಹರಿಯುತ್ತಿರುವಾಗ ಉಳಿದಿರುವ ಒತ್ತಡವನ್ನು, ಓದಬೇಕು. ಬೇರೆ ಬೇರೆ ಹೊತ್ತಿನಲ್ಲಿ ಓದಿದ ಎರಡು ಅಂಕಿಗಳನ್ನು ಒಂದೇ ಲೆಕ್ಕಕ್ಕೆ ಸೇರಿಸುವಂತಿಲ್ಲ. ಉಳಿಕೆ ಒತ್ತಡವು ಸ್ಥಿರ ಒತ್ತಡಕ್ಕಿಂತ ಶೇಕಡ 25ರಷ್ಟಾದರೂ ಇಳಿಯದಿದ್ದರೆ ಇನ್ನೊಂದು ಬಾಯಿಯನ್ನೋ ಇನ್ನೊಂದು ಹೈಡ್ರೆಂಟನ್ನೋ ತೆರೆಯುತ್ತೇವೆ. ಮುಚ್ಚುವಾಗಲೂ ನಿಧಾನವೇ ಮುಖ್ಯ, ಇಲ್ಲದಿದ್ದರೆ ನೀರಿನ ಹೊಡೆತಕ್ಕೆ ಕೊಳವೆ ಒಡೆಯಬಹುದು. ಮುಚ್ಚಿದ ಮೇಲೆ ಸ್ಥಿರ ಒತ್ತಡವನ್ನು ಮತ್ತೊಮ್ಮೆ ಓದಿ ಬರೆಯುತ್ತೇನೆ.

ಲೆಕ್ಕಕ್ಕೆ ಬಳಸುವ ಸೂತ್ರದಲ್ಲಿ 29.83, ಗುಣಾಂಕ, ಇಂಚಿನಲ್ಲಿರುವ ವ್ಯಾಸದ ವರ್ಗ, ಪಿಟೊ ಒತ್ತಡದ ವರ್ಗಮೂಲ ಇವನ್ನು ಗುಣಿಸಿದರೆ ನಿಮಿಷಕ್ಕೆ ಎಷ್ಟು ಅಮೆರಿಕನ್ ಗ್ಯಾಲನ್ ಎಂಬುದು ಬರುತ್ತದೆ. ಬಾಯಿ 2.5 ಇಂಚು, ಗುಣಾಂಕ 0.90, ಪಿಟೊ ಒತ್ತಡ 25 ಪಿಎಸ್‌ಐ ಆಗಿದ್ದರೆ ಹರಿವು ಸುಮಾರು 839 ಗ್ಯಾಲನ್. ಸ್ಥಿರ ಒತ್ತಡ 70, ಉಳಿಕೆ ಒತ್ತಡ 50 ಎಂದಿಟ್ಟುಕೊಂಡರೆ, 20 ಪಿಎಸ್‌ಐವರೆಗಿನ ಇಳಿಕೆ 50, ಪರೀಕ್ಷೆಯಲ್ಲಿ ಕಂಡ ಇಳಿಕೆ 20. ಇವುಗಳ ಅನುಪಾತವನ್ನು 0.54ರ ಘಾತಕ್ಕೇರಿಸಿ ಹರಿವಿಗೆ ಗುಣಿಸಿದಾಗ ಸಾಮರ್ಥ್ಯ ಸುಮಾರು 1,376 ಗ್ಯಾಲನ್ ಆಗುತ್ತದೆ. ಇದೇ ಪರೀಕ್ಷೆಗೆ 0.80 ಗುಣಾಂಕ ಹಿಡಿದಿದ್ದರೆ ಸಾಮರ್ಥ್ಯ ಸುಮಾರು 1,223ಕ್ಕೆ ಇಳಿಯುತ್ತಿತ್ತು. ಅಂಚನ್ನು ಮುಟ್ಟಿ ನೋಡದೆ ಗುಣಾಂಕ ಬರೆಯಬಾರದೆಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯ ಹೈಡ್ರೆಂಟ್ ಮಾರ್ಗಸೂಚಿಯಾದ ಎನ್‌ಎಫ್‌ಪಿಎ 291ರ ಬಣ್ಣದ ಕ್ರಮವನ್ನು ಅನುಸರಿಸುವಲ್ಲಿ, ಸಾಮರ್ಥ್ಯ 1,000ದಿಂದ 1,499 ಗ್ಯಾಲನ್‌ವರೆಗಿನ ಹೈಡ್ರೆಂಟಿನ ಮೇಲ್ಭಾಗಕ್ಕೂ ಮುಚ್ಚಳಗಳಿಗೂ ಹಸಿರು ಬಳಿಯುತ್ತಾರೆ.

ಮೂಲ ಅಳತೆಗಳ ನಿಜವಾದ ಉಪಯೋಗ ತಿಳಿಯುವುದು ಅದೇ ಜಾಗದಲ್ಲಿ ಮರುಪರೀಕ್ಷೆ ಮಾಡಿದಾಗ. ನಾನು ನೋಡಿಕೊಳ್ಳುತ್ತಿದ್ದ ಜಾಲವೊಂದರಲ್ಲಿ ಸ್ಥಿರ ಒತ್ತಡ ಹಿಂದಿನ ಬಾರಿಯಷ್ಟೇ ಇದ್ದರೂ, ನೀರು ಬಿಟ್ಟೊಡನೆ ಉಳಿಕೆ ಒತ್ತಡ ಮೊದಲಿಗಿಂತ ಬಹಳ ಕೆಳಗಿಳಿಯಿತು. ನೀರು ಹರಿಯದಿರುವಾಗ ಅಡಚಣೆ ಗೇಜ್‌ಗೆ ಕಾಣಿಸುವುದಿಲ್ಲ, ಹರಿಯುವಾಗ ಮಾತ್ರ ಕಾಣಿಸುತ್ತದೆ. ಆದ್ದರಿಂದ ಮೂಲದಲ್ಲಿ ತೊಂದರೆಯಿಲ್ಲ, ದಾರಿಯಲ್ಲಿ ಏನೋ ಅಡ್ಡವಿದೆ ಎಂದು ನಿರ್ಧರಿಸಿ ನಕ್ಷೆಯಲ್ಲಿದ್ದ ವಾಲ್ವ್‌ಗಳನ್ನು ಒಂದೊಂದಾಗಿ ನೋಡುತ್ತಾ ಹೋದೆವು. ದುರಸ್ತಿಯ ನಂತರ ಅರೆ ಮುಚ್ಚಿಯೇ ಉಳಿದಿದ್ದ ವಾಲ್ವ್ ಒಂದು ಸಿಕ್ಕಿತು. ಅದನ್ನು ಪೂರ್ತಿ ತೆರೆದು ಪುನಃ ಪರೀಕ್ಷಿಸಿ, ಆ ಅಳತೆಗಳನ್ನು ಹಳೆಯದರ ಕೆಳಗೆ ಹೊಸ ಸಾಲಿನಲ್ಲಿ ಬರೆದೆ. ಕಡಿಮೆ ಬಂದಿದ್ದ ಅಂಕಿಗಳನ್ನು ಅಳಿಸದೆ ಕಾರಣದ ಸಮೇತ ಹಾಗೆಯೇ ಉಳಿಸಿದ್ದೇನೆ.